ಅಣ್ಣನ ಪಿಕಪ್ಪಿಗೆ ಪೌಡರ್ ಹಚ್ಚಿದ ಪ್ರಸಂಗ

ನಮ್ಮೂರಿನಲ್ಲಿ ಪಂಪು ಕೆಟ್ಟರೆ ನಾನು, ರೇಡಿಯೋ ಮೂಗಾದರೆ ನಾನು, ಬೌದ್ಧ ವಿಹಾರದ ಧ್ವನಿವರ್ಧಕಕ್ಕೆ ಗೂರಲು ಹಿಡಿದರೂ ನಾನೇ! ಶಾಲೆಯಲ್ಲಿ ಕಲಿತದ್ದು ನಾಲ್ಕನೇ ಕ್ಲಾಸು ಮಾತ್ರ. ಮಿಕ್ಕ ವಿದ್ಯೆಯನ್ನೆಲ್ಲ ಬಿಚ್ಚಿ ಕಲಿತೆ, ಜೋಡಿಸಿ ಕಲಿತೆ, ಜೋಡಿಸಿದ ಮೇಲೆ ಕೈಯಲ್ಲಿ ಉಳಿದ ಬೋಲ್ಟುಗಳನ್ನು ನೋಡಿ ಕಲಿತೆ. ಬುನ್‌ಲೂ ಅಂದರೆ ಚಾವೊ ಫ್ರಾಯ ಹೊಳೆಯ ಈ ದಂಡೆಯಲ್ಲಿ ತಿಳಿಯದವರಿಲ್ಲ. ಆ ದಂಡೆಯಲ್ಲೂ ತಿಳಿದಿರಬೇಕು, ನಾನು ಹೋಗಿ ವಿಚಾರಿಸಿಲ್ಲ.

ಇಂಥ ನಾನಿರುವಾಗ, ತೀರಿಕೊಂಡ ನಮ್ಮಣ್ಣ ಪ್ರಯೋಂಗನ ಪಿಕಪ್ ಗಾಡಿಯನ್ನು ಅತ್ತಿಗೆ ಪಿಕುನ್ ಹೆಸರಿಗೆ ಮಾಡಿಸಲು ಏಜೆಂಟನನ್ನು ಹಿಡಿಯೋಣ ಅಂದರೆ ರಕ್ತ ಕುದಿಯದೆ ಇರುತ್ತದೆಯೇ?

“ಏಜೆಂಟೂ ಬೇಡ, ಗೀಜೆಂಟೂ ಬೇಡ!” ಎಂದು ಎದೆ ತಟ್ಟಿದೆ. “ಈ ಬುನ್‌ಲೂ ಬದುಕಿರೋವರೆಗೆ ನಮ್ಮಣ್ಣನ ಗಾಡಿ ಪರರ ಕೈಗೆ ಹೋಗಕೂಡದು. ನಾನೇ ಮಾಡಿಸ್ತೀನಿ!”

“ಮಾಡಿಸ್ತೀರ, ಮಾಡಿಸ್ತೀರ,” ಅಂದಳು ನನ್ನ ಹೆಂಡತಿ ಲಮೈ, ಬೆಳ್ಳುಳ್ಳಿ ಸುಲಿಯುತ್ತ. “ಹೋದ ವರ್ಷ ಫ್ಯಾನು ರಿಪೇರಿ ಮಾಡಿದ್ರಿ. ಅವತ್ತಿಂದ ಅದು ಗಾಳಿ ಕೊಡೋದು ಬಿಟ್ಟು ತಾನೇ ಕುಡೀತಾ ಇದೆ.”

ಅತ್ತಿಗೆ ಮಾತ್ರ ನಗಲಿಲ್ಲ. ಅವಳಿಗೆ ನಗುವ ಹೊತ್ತಲ್ಲ ಅದು. ಅವಳು ಬಾಳೆಹಣ್ಣು ಕರಿದು ಮಾರುವವಳು. ಪಟ್ಟಣದ ಹೊಸ ಮಾರುಕಟ್ಟೆಯಲ್ಲಿ ಬಾಗಿಲ ಪಕ್ಕದ ಜಾಗವೇ ಅವಳಿಗೆ ಸಿಕ್ಕಿತ್ತು. ಆದರೆ ಅಲ್ಲಿಯ ಕಾಯಿದೆ ಏನೆಂದರೆ, ಗಾಡಿ ನಿಲ್ಲಿಸಿ ಮಾರುವವರ ಗಾಡಿ ಅವರ ಹೆಸರಿನಲ್ಲೇ ಇರಬೇಕು. ಹದಿನಾರನೇ ತಾರೀಕಿನ ಸಂಜೆಯೊಳಗೆ ನೋಂದಣಿ ಪುಸ್ತಕ ತೋರಿಸದಿದ್ದರೆ ಆ ಜಾಗ ಒಣಮೀನು ಮಾರುವವಳ ಪಾಲು.

“ಬುನ್‌ಲೂ, ಜಾಗ ಹೋದ್ರೆ ನಾನು ಎಲ್ಲೋ ಮೂಲೇಲಿ ಕೂತು ಮಾರಬೇಕು, ತಿಳ್ಕೊ,” ಅಂದಳು ಅತ್ತಿಗೆ. “ಮೂಲೆಗೆ ನೊಣ ಬರ್ತವೆ, ಗಿರಾಕಿ ಬರಲ್ಲ.”

“ಅತ್ತಿಗೆ, ಪುಸ್ತಕ ನಿನ್ನ ಕೈಗಿಡದಿದ್ರೆ ನನ್ನ ಹೆಸರು ಬದಲಾಯಿಸು!”

ಅಣ್ಣನ ಆಸ್ತಿ ಅತ್ತಿಗೆಗೆ ಸೇರಬೇಕೆಂಬ ಕೋರ್ಟಿನ ಕಾಗದ ಅದಾಗಲೇ ಬಂದಿತ್ತು. ಗಾಡಿಯನ್ನು ಹೊಡೆದುಕೊಂಡು ಸಾರಿಗೆ ಕಚೇರಿಗೆ ಹೋದೆವು. ತಪಾಸಣೆ ಅಧಿಕಾರಿ ಬಲಗಾಲಿಯ ಹಿಂದೆ ಬಗ್ಗಿ, ಟಾರ್ಚು ಬಿಟ್ಟು, ಮೂಗು ಮುರಿದ. “ತಾತ, ಚಾಸಿ ನಂಬರಿನ ಮೇಲೆ ಒಂದು ಗದ್ದೆಯಷ್ಟು ಕೆಸರಿದೆ. ಚೆನ್ನಾಗಿ ತೊಳ್ಕೊಂಡು ಹದಿನಾರಕ್ಕೆ ಬನ್ನಿ. ನಾನೇ ಪೆನ್ಸಿಲ್ ತಿಕ್ಕಿ ಅಚ್ಚು ತೆಗೀತೀನಿ.”

ತೊಳೆದುಕೊಂಡು ಬನ್ನಿ ಅಂದ. ಅಷ್ಟೇ ಅಂದದ್ದು. ಆದರೆ ತೊಳೆಯುವುದು ಯಾರು ಬೇಕಾದರೂ ಮಾಡುವ ಕೆಲಸ. ನನ್ನಂಥವನು ಬರೀ ತೊಳೆದು ಕೊಡುವುದೇ? ಅಚ್ಚನ್ನೂ ತೆಗೆದು, ಅಂಕಿಯನ್ನೂ ಓದಿ, “ತಗೊಳ್ಳಪ್ಪಾ” ಅಂತ ಅವನ ಮೇಜಿನ ಮೇಲಿಟ್ಟು ಬೆರಗುಗೊಳಿಸಬೇಕು ಅಂತ ತೀರ್ಮಾನಿಸಿದೆ!

ಹದಿನೈದರ ಬೆಳಗ್ಗೆ ತಂತಿ ಬ್ರಷ್ಷು, ಸೀಮೆಎಣ್ಣೆ ಹಿಡಿದು ಅಂಗಳಕ್ಕಿಳಿದೆ. ಲಮೈ ಅಡ್ಡ ನಿಂತಳು.

“ಭಾವನ ಗಾಡಿ ಮುಟ್ಟೋಕೆ ಮುಂಚೆ ಅವರನ್ನ ಒಂದು ಮಾತು ಕೇಳಿ.”

“ಸತ್ತವನನ್ನ ಏನೇ ಕೇಳೋದು?”

“ಬದುಕಿದ್ದಾಗ ಅವರ ಸ್ಪ್ಯಾನರು ಕೇಳದೆ ತಗೊಂಡು ಬೈಸಿಕೊಳ್ತಾ ಇರ್ಲಿಲ್ವಾ? ಈಗ ಬೈದ್ರೆ ಬಿಡಿಸೋಕೆ ನಾನು ಅಲ್ಲಿಗೆ ಬರೋಕಾಗಲ್ಲ.”

ಹಾಗಾಗಿ ಬಾನೆಟ್ಟಿನ ಮುಂದೆ ಒಂದು ಊದುಬತ್ತಿ, ಸತ್ತವರಿಗೆ ನಮ್ಮಲ್ಲಿ ಎಡೆ ಇಡುವ ಕೆಂಪು ಸೋಡಾದ ಒಂದು ಬಾಟಲಿ ಇಟ್ಟು, ಅದಕ್ಕೊಂದು ಹೀರುವ ಕೊಳವೆಯನ್ನೂ ಸಿಕ್ಕಿಸಿ ಕೈ ಮುಗಿದೆ. “ಅಣ್ಣಾ, ನಿನ್ನ ಗಾಡಿ ಅಡಿಗೆ ನುಗ್ತಾ ಇದ್ದೀನಿ. ನಂಬರು ಚೆನ್ನಾಗಿ ಕಾಣೋ ಹಾಗೆ ಮಾಡು.” ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅಣ್ಣನಿಗೆ ಕೊನೆಗಾಲದಲ್ಲಿ ಕಿವಿ ಮಂದವಾಗಿತ್ತು, ನೋಡಿ.

ಗಾಡಿಯಡಿ ನುಗ್ಗಿದೆ. ನುಗ್ಗಿದ್ದೇನೋ ಸರಿ, ಹೊಟ್ಟೆ ಸಿಕ್ಕಿಕೊಂಡಿತು. ಹಾವಿನ ಹಾಗೆ ಹೊರಳಿ, ಕಾಲು ಎಲ್ಲೋ ತಲೆ ಎಲ್ಲೋ ಆಗಿ, ಅಂತೂ ಚಾಸಿ ನಂಬರು ಕೆತ್ತಿದ್ದ ಕಬ್ಬಿಣದ ಪಟ್ಟಿ ಮೂಗಿನ ಮುಂದೆ ಬಂತು. ಕೆಸರು ಕೆರೆದೆ, ತುಕ್ಕು ಉಜ್ಜಿದೆ. ಅಂಕಿಗಳಿದ್ದವು, ಆದರೆ ಕಪ್ಪಿನಲ್ಲಿ ಕಪ್ಪು, ಕಾಣಲೊಲ್ಲವು. ಪೆನ್ಸಿಲ್ಲೂ ತಂದಿರಲಿಲ್ಲ.

“ಲಮೈ! ಪೌಡರ್ ಡಬ್ಬಿ ಕೊಡೇ!”

ನಮ್ಮ ಥಾಯ್ ಜನಕ್ಕೆ ಇದು ರಕ್ತದಲ್ಲೇ ಬಂದ ವಿದ್ಯೆ. ಮರದಲ್ಲೊಂದು ವಿಚಿತ್ರ ಗಂಟು ಕಂಡರೆ, ಬಾಳೆಗಿಡದ ನಡುಹೊಟ್ಟೆಯಿಂದ ಗೊನೆ ಬಂದರೆ, ಮಕ್ಕಳ ಪೌಡರ್ ಸುರಿದು ತಿಕ್ಕಿ, ಲಾಟರಿ ಅಂಕಿ ಏನಾದರೂ ಎದ್ದಿದೆಯೇ ಎಂದು ನೋಡುವವರು ನಾವು. ನಾನು ಅಂಥವನಲ್ಲ. ನಾನು ವಿಜ್ಞಾನದವನು! ಆದರೆ ಕೈಗೆ ಆ ಅಭ್ಯಾಸ ಹೋಗಬೇಕಲ್ಲ. ಪೌಡರ್ ಹಚ್ಚಿದೆ, ತಿಕ್ಕಿದೆ, ಉಫ್ ಅಂತ ಊದಿದೆ. ಸೀನಿದೆ. ತುದಿಯ ಎರಡಂಕಿ ಮುತ್ತಿನ ಹಾಗೆ ಎದ್ದು ಬಂದವು.

“ಬಂತು! ಬಂತು!” ಎಂದು ಕೂಗಿದೆ.

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದವಳು ಪಕ್ಕದ ಮನೆಯ ಚಮೋಯ್. ನಮ್ಮ ಜಿಲ್ಲೆಯಲ್ಲಿ ಸುದ್ದಿಗೆ ಪತ್ರಿಕೆ ಬೇಡ, ಚಮೋಯ್ ಸಾಕು. ನೀವೇ ಯೋಚಿಸಿ, ಅವಳ ಕಣ್ಣಿಗೆ ಕಂಡದ್ದೇನು? ನಾಳೆ ಲಾಟರಿ ಡ್ರಾ, ಕೊನೆಯ ಎರಡಂಕಿ ಹೊಂದಿದರೂ ಬಹುಮಾನ. ಸತ್ತವನ ಗಾಡಿ. ಮುಂದೆ ಊದುಬತ್ತಿ, ಕೆಂಪು ಸೋಡಾ. ಅಡಿಯಲ್ಲಿ ಸತ್ತವನ ಸ್ವಂತ ತಮ್ಮ, ಮೈಯೆಲ್ಲ ಪೌಡರು, “ಬಂತು ಬಂತು” ಅನ್ನುತ್ತಿದ್ದಾನೆ!

“ಬುನ್‌ಲೂ ಅಣ್ಣಾ,” ಎಂದಳು ಬೇಲಿಯಿಂದಲೇ, ದನಿ ತಗ್ಗಿಸಿ. “ಎಷ್ಟು ಬಂತು?”

“ಎಷ್ಟು ಬಂದ್ರೆ ನಿನಗೇನಮ್ಮಾ? ಎಂಬತ್ತೊಂಬತ್ತು! ಇದು ಚಾಸಿ ನಂಬರು ಕಣೇ, ಕಂಪನಿಯೋರು ಹಾಕಿದ್ದು!”

ಚಾಸಿ, ಕಂಪನಿ ಯಾವುದೂ ಅವಳ ಕಿವಿಗೆ ಹೋಗಲಿಲ್ಲ. ಒದ್ದೆ ಬಟ್ಟೆ ಬುಟ್ಟಿಯಲ್ಲೇ ಉಳಿಯಿತು, ಬೇಲಿಯಾಚೆ ಚಮೋಯ್ ಉಳಿಯಲಿಲ್ಲ.

ನಾನು ಹೊಟ್ಟೆ ಬಿಡಿಸಿಕೊಂಡು ಈಚೆ ಬರುವಷ್ಟರಲ್ಲಿ ಅಂಗಳದಲ್ಲಿ ಹತ್ತಾರು ಜೊತೆ ಕಾಲುಗಳು. ಹೊತ್ತು ಏರುತ್ತಿದ್ದ ಹಾಗೆ ಕಾಲಿಡಲು ಜಾಗವಿಲ್ಲ! ಬಂದವರು ಬರಿಗೈಯಲ್ಲಿ ಬಂದರೇ? ಮಲ್ಲಿಗೆ ಮಾಲೆ ತಂದರು, ಸ್ಟಿಯರಿಂಗಿಗೆ ಹಾಕಿದರು. ಮೂರು ಬಣ್ಣದ ರೇಷ್ಮೆ ಬಟ್ಟೆ ತಂದು, ಅರಳಿಮರಕ್ಕೆ ಸುತ್ತುವ ಹಾಗೆ ಬಾನೆಟ್ಟಿಗೆ ಸುತ್ತಿದರು. ಕೆಂಪು ಸೋಡಾ ಬಾಟಲಿಗಳು ಪಡೆ ಕಟ್ಟಿ ನಿಂತವು. ಪೌಡರ್ ಹಚ್ಚದ ಜಾಗ ಗಾಡಿಯಲ್ಲಿ ಎಲ್ಲೂ ಇಲ್ಲ. ಬಾಗಿಲಿಗೆ ಹಚ್ಚಿದರು, ಬಂಪರಿಗೆ ಹಚ್ಚಿದರು, ವೈಪರಿಗೂ ಹಚ್ಚಿದರು. ಒಬ್ಬ ಮುದುಕ ತಪ್ಪಿ ನನ್ನ ಬೆನ್ನಿಗೂ ಹಚ್ಚಿ ಅಂಕಿ ಹುಡುಕಿದ!

“ಇದು ಕಾರ್ಖಾನೆಯಲ್ಲಿ ಕೆತ್ತಿದ ನಂಬರು!” ನಾನು ಸ್ಟೂಲು ಹತ್ತಿ ಕೂಗಿದೆ. “ಅಣ್ಣನಿಗೂ ಇದಕ್ಕೂ ಸಂಬಂಧವಿಲ್ಲ! ಇದನ್ನ ನಂಬೋರು ಮೂಢರು!”

“ಹೌದಾ?” ಅಂದಳು ಚಮೋಯ್. “ನಿಮ್ಮಣ್ಣ ತೀರಿಕೊಂಡಿದ್ದು ಯಾವ ತಿಂಗಳು?”

“ಎಂಟನೇ ತಿಂಗಳು.”

“ತಿಥಿಗೆ ಎಷ್ಟು ಜನ ಭಿಕ್ಷುಗಳು ಊಟಕ್ಕೆ ಬಂದಿದ್ರು?”

“ಒಂಬತ್ತು... ಅಯ್ಯೋ, ಎಲ್ಲರ ಮನೆಗೂ ಒಂಬತ್ತೇ ಬರೋದು!”

“ಎಂಟು, ಒಂಬತ್ತು!” ಎಂದು ಇಡೀ ಅಂಗಳ ಉದ್ಗರಿಸಿತು. ನನ್ನ ವಿಜ್ಞಾನವನ್ನು ಆ ಉದ್ಗಾರ ಬಾಚಿಕೊಂಡು ಹೊಳೆಗೆ ಹಾಕಿತು.

ಅತ್ತಿಗೆ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಜನರನ್ನೊಮ್ಮೆ ನೋಡಿದಳು, ಮನೆಗೆ ಹೋಗಿ ಬಾಣಲೆ ಹೊತ್ತು ತಂದು ನಮ್ಮ ಬಾಗಿಲಲ್ಲೇ ಬಾಳೆಹಣ್ಣು ಕರಿಯತೊಡಗಿದಳು.

“ಅತ್ತಿಗೆ, ನೀನೂನಾ?”

“ನಂಬರು ನಂಬಲ್ಲಪ್ಪ ನಾನು. ನಿಮ್ಮಣ್ಣ ಬದುಕಿದ್ದಾಗ ಒಂದು ನಂಬರಾದ್ರೂ ಸರಿಯಾಗಿ ಹೇಳಿದ್ನಾ, ಸತ್ತ ಮೇಲೆ ಹೇಳೋಕೆ? ಆದ್ರೆ ಹಸಿವನ್ನ ನಂಬ್ತೀನಿ. ನೋಡು, ಎಷ್ಟು ಜನ ನಿಂತವ್ರೆ!” ಆಮೇಲೆ ಸೌಟು ನನ್ನ ಕಡೆ ತಿರುಗಿಸಿದಳು. “ನಾಳೆ ಗಾಡಿ ಕಚೇರಿಗೆ ಹೋಗದಿದ್ರೆ ಮಾತ್ರ ಈ ಎಣ್ಣೆ ನಿನ್ನ ತಲೆ ಮೇಲೆ.”

ಮಾರನೇ ದಿನ ಗಾಡಿ ತೆಗೆಯಲು ಹೋದರೆ ಊರೇ ಅಡ್ಡ! ಡ್ರಾ ಮುಗಿಯುವವರೆಗೆ ಗಾಡಿ ಕದಲಕೂಡದಂತೆ. ಗಾಡಿ ಹೋದರೆ ಅಣ್ಣನೂ ಹೋಗಿಬಿಡುತ್ತಾನಂತೆ.

“ಹಾಗಾದ್ರೆ ಅಣ್ಣನ ಜೊತೆ ನೀವೂ ಬನ್ನಿ,” ಅಂದಳು ಲಮೈ, ಗಾಡಿಯ ಹಿಂದಿನ ಹಲಗೆ ಇಳಿಸಿ. ಅಷ್ಟು ಸಾಕಾಯಿತು. ಹಿಡಿಯುವಷ್ಟು ಜನ ಹಿಂದೆ ಹತ್ತಿದರು, ಹಿಡಿಯದವರು ಮೋಟಾರ್‌ಸೈಕಲ್ಲಿನಲ್ಲಿ ಬೆನ್ನು ಹತ್ತಿದರು. ಹೂ, ಬಣ್ಣದ ಬಟ್ಟೆ, ಪೌಡರಿನ ಧೂಳು ಹಾರಿಸುತ್ತ ನಮ್ಮ ದಿಬ್ಬಣ ಸಾರಿಗೆ ಕಚೇರಿಯ ಗೇಟಿಗೆ ಬಂತು. ನಾಚಿಕೆಯೇ? ಸುಳ್ಳು ಏಕೆ ಹೇಳಲಿ, ಸ್ಟಿಯರಿಂಗು ಹಿಡಿದಿದ್ದ ನನ್ನ ಎದೆ ಸ್ವಲ್ಪ ಉಬ್ಬಿಯೇ ಇತ್ತು. ಬದುಕಿದ್ದಾಗ ನಮ್ಮಣ್ಣನ ಹಿಂದೆ ಸಾಲ ಕೊಟ್ಟವರು ಬಿಟ್ಟು ಬೇರೆ ಯಾರೂ ಇಷ್ಟು ಶ್ರದ್ಧೆಯಿಂದ ಬಂದವರಲ್ಲ!

ಅಧಿಕಾರಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದ.

“ತಾತ, ತೊಳ್ಕೊಂಡು ಬನ್ನಿ ಅಂದಿದ್ದೆ. ಇದು ಗಾಡಿನೋ, ಗುಡಿನೋ?”

“ಸ್ವಲ್ಪ ಭಕ್ತಿ ಜಾಸ್ತಿಯಾಯ್ತು ಸ್ವಾಮಿ. ಆದ್ರೆ ನಂಬರು ನಾನೇ ಓದಿದ್ದೀನಿ. ಕೊನೇದು ಎಂಬತ್ತೊಂಬತ್ತು!”

ಜನರನ್ನು ಗೇಟಿನಲ್ಲೇ ನಿಲ್ಲಿಸಿದ್ದರು. ತಪಾಸಣೆಯ ಜಾಗದಲ್ಲಿ ನಾನು, ಲಮೈ, ಅತ್ತಿಗೆ ಮೂವರೇ. ಅಧಿಕಾರಿ ಒದ್ದೆ ಬಟ್ಟೆಯಲ್ಲಿ ಪೌಡರು ಒರೆಸಿ, ಟೇಪು ಅಂಟಿಸಿ, ಪೆನ್ಸಿಲ್ ತಿಕ್ಕಿ, ಅಚ್ಚು ತೆಗೆದು ನೋಂದಣಿ ಪುಸ್ತಕದ ಪಕ್ಕ ಹಿಡಿದ. ಪುಸ್ತಕ ನೋಡಿದ, ಟೇಪು ನೋಡಿದ, ನನ್ನನ್ನು ನೋಡಿದ.

“ತಾತ, ಓದುವಾಗ ಯಾವ ಕಡೆ ತಲೆ ಹಾಕಿ ಮಲಗಿದ್ರಿ?”

“ಯಾಕೆ ಸ್ವಾಮಿ? ಎಂಜಿನ್ ಕಡೆ ಕಾಲು ಇತ್ತು... ಅಲ್ಲ, ತಲೆ ಇತ್ತು...”

“ಎಲ್ಲಿತ್ತೋ ಏನೋ, ತಲೆಕೆಳಗಂತೂ ಆಗಿತ್ತು. 89 ತಿರುಗಿಸಿ ನೋಡಿ, 68! ಇದು ಅರವತ್ತೆಂಟು.”

ಅತ್ತಿಗೆ ಕಿಸಕ್ಕನೆ ನಕ್ಕಳು. ಲಮೈ ಯಾಕೋ ನಗಲಿಲ್ಲ. ಬಾಯಿ ಮುಚ್ಚಿಕೊಂಡು ಗೇಟಿನ ಕಡೆ ನೋಡಿದಳು. ಅಲ್ಲಿ ಇಡೀ ಊರು ಎಂಬತ್ತೊಂಬತ್ತರ ಟಿಕೆಟ್ ಹಿಡಿದು ಕೂತಿತ್ತು.

“ಈಗ ಯಾರಿಗೂ ಹೇಳ್ಬೇಡಿ,” ಎಂದು ಪಿಸುಗುಟ್ಟಿದೆ. “ಡ್ರಾದಲ್ಲಿ ಎರಡು ನಂಬರೂ ಬರಲ್ಲ. ಯಾಕೆ ಸುಮ್ಮನೆ ಗಲಾಟೆ?”

ಅಧಿಕಾರಿ ಟೇಪನ್ನು ಇನ್ನೊಮ್ಮೆ ದಿಟ್ಟಿಸಿ, “ಒಂದು ನಿಮಿಷ, ಟೀ ಕುಡಿದು ಬಂದೆ,” ಅಂದ. ಟೀ ಅಂಗಡಿ ಎಡಕ್ಕಿತ್ತು. ಅವನು ಲಾಟರಿ ಮಾರುವವಳಿದ್ದ ಬಲಕ್ಕೆ ಓಡಿದ.

ಸೀಲು ಬಿತ್ತು, ಸಹಿ ಬಿತ್ತು. “ಮಾಲೀಕರು: ಶ್ರೀಮತಿ ಪಿಕುನ್” ಎಂದು ಮುದ್ರಿಸಿದ ಪುಸ್ತಕವನ್ನು ಅತ್ತಿಗೆಯ ಕೈಯಲ್ಲಿಟ್ಟೆ. ಅವಳು ಆ ಹಾಳೆಯ ಮೇಲೆ ಕೈಯಾಡಿಸಿದಳು. ಹಿಂದಿನ ಸಾಲಿನಲ್ಲಿ ಅಣ್ಣನ ಹೆಸರು, ಕೆಳಗೆ ಅವಳದು. ಕಣ್ಣು ತುಂಬಿಕೊಂಡವು. ಏಜೆಂಟಿಲ್ಲದೆ ಮಾಡಿಸಿದ್ದೆನಲ್ಲ! ಹೆಮ್ಮೆಯಿಂದ ಸ್ಟಿಯರಿಂಗಿನ ಮುಂದೆ ಹತ್ತಿ ಕೂತೆ.

“ಇಳಿಯಪ್ಪ ಮೈದುನ,” ಎಂದಳು ಕಣ್ಣೊರೆಸಿಕೊಂಡು. “ಗಾಡಿ ಯಾರದು? ಹಿಂದೆ ಹೋಗಿ ಕೂತ್ಕೊ.”

ಹಿಂದೆ ಕೂತೆ, ಗೇಟಿನಲ್ಲಿ ಮತ್ತೆ ಹತ್ತಿಕೊಂಡ ಚಮೋಯ್ ಮತ್ತು ನನ್ನ ಬೆನ್ನಿಗೆ ಪೌಡರ್ ಹಚ್ಚಿದ್ದ ಮುದುಕನ ನಡುವೆ. ಲಮೈ ಎದುರಿಗೆ. ಮಾರುಕಟ್ಟೆಯ ಮುಂದೆ ಗಾಡಿ ನಿಲ್ಲಿಸಿ ಅತ್ತಿಗೆ ಪುಸ್ತಕ ಎತ್ತಿ ಹಿಡಿದು ಒಳಗೆ ಓಡಿದಳು. ನಾವು ಕಾಯುತ್ತಿದ್ದಾಗ ಪಕ್ಕದ ನೂಡಲ್ಸ್ ಅಂಗಡಿಯ ರೇಡಿಯೋ ಗಂಟಲು ಸರಿಮಾಡಿಕೊಂಡಿತು. ಗಾಡಿಯಲ್ಲಿದ್ದವರೆಲ್ಲ ಉಸಿರು ಹಿಡಿದರು.

“ಕೊನೆಯ ಎರಡಂಕಿ... ಆರು... ಎಂಟು!”

ಎಂಬತ್ತೊಂಬತ್ತರ ಟಿಕೆಟುಗಳು ಒಂದೊಂದಾಗಿ ಗಾಡಿಯ ನೆಲಕ್ಕೆ ಬಿದ್ದವು. ಬದುಕಿದ್ದಾಗ ಒಂದೂ ಸರಿ ಹೇಳದ ನಮ್ಮಣ್ಣ ಈ ಸಲ ಸರಿಯಾಗಿಯೇ ಹೇಳಿದ್ದ!

“ಪಾಪ, ಪ್ರಯೋಂಗ್ ಅಣ್ಣ,” ಎಂದು ಚಮೋಯ್ ನಿಟ್ಟುಸಿರು ಬಿಟ್ಟಳು. “ಸತ್ತವರಿಗೂ ಕಣ್ತಪ್ಪು ಆಗ್ತದೆ.” ಬದುಕಿಕೊಂಡೆ ಎನ್ನುವಷ್ಟರಲ್ಲಿ ಅತ್ತಿಗೆ ಕುಣಿಯುತ್ತ ಹೊರಬಂದಳು. “ಜಾಗ ನನ್ನದೇ! ಬಾಗಿಲ ಪಕ್ಕದ್ದೇ!” ಆಮೇಲೆ ರೇಡಿಯೋ ಕಡೆ ಕಿವಿಗೊಟ್ಟು, “ಅರವತ್ತೆಂಟಾ? ಅಯ್ಯೋ ಬುನ್‌ಲೂ, ಆಫೀಸಿನೋರು ನಮ್ಮ ಗಾಡಿ ನಂಬರು ಅದೇ ಅಂದ್ರಲ್ವಾ?”

ಎಲ್ಲ ತಲೆಗಳೂ ಒಟ್ಟಿಗೇ ನನ್ನ ಕಡೆ ತಿರುಗಿದವು.

“ಓಹೋ!” ಎಂದಳು ಚಮೋಯ್. “ನಮಗೆ ಎಂಬತ್ತೊಂಬತ್ತು ಅಂದು, ತಾನು ಅರವತ್ತೆಂಟು ಹೊಡ್ಕೊಂಡ! ಜೇಬು ನೋಡ್ರೋ ಇವನದು!”

“ಇಲ್ಲ! ನನ್ನ ಜೇಬಲ್ಲಿ ಏನೂ ಇಲ್ಲ! ನಾನು ಲಾಟರಿ ನಂಬೋನೇ ಅಲ್ಲ!” ಎನ್ನುತ್ತ ಎರಡೂ ಕೈಯಿಂದ ಅಂಗಿಯ ಜೇಬು ಒತ್ತಿ ಹಿಡಿದೆ. ಅಷ್ಟು ಭದ್ರವಾಗಿ ಹಿಡಿದದ್ದೇ ತಪ್ಪಾಯಿತು. ಲಮೈ ಎದ್ದು ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿ ಒಳಗೆ ಕೈ ಹಾಕಿದಳು. ಒಂದು ಟಿಕೆಟ್ ಬಂತು. ಅದರ ಹಿಂದೆ ಇನ್ನೊಂದು. ಅದಕ್ಕಂಟಿಕೊಂಡು ಮತ್ತೊಂದು ಕಂತೆಯೇ ಬಂತು. ಅವಳು ಬೀಸಣಿಗೆಯ ಹಾಗೆ ಬಿಡಿಸಿ ಎಲ್ಲರಿಗೂ ತೋರಿಸಿದಳು. ಎಂಬತ್ತೊಂಬತ್ತು, ಎಂಬತ್ತೊಂಬತ್ತು, ಎಂಬತ್ತೊಂಬತ್ತು!

ಗಾಡಿ ಗಡಗಡ ಅಲ್ಲಾಡುವಂತೆ ಜನ ನಕ್ಕರು. ನನ್ನ ಮಾನ ಹೋಯಿತು, ಪ್ರಾಣ ಉಳಿಯಿತು.

ಲಮೈ ಮಾತ್ರ ನಗದೆ, ಸೊಂಟದಿಂದ ತನ್ನದೊಂದು ಟಿಕೆಟ್ ತೆಗೆದು ನನ್ನ ಕಂತೆಯ ಮೇಲಿಟ್ಟಳು. ಅದೂ ಎಂಬತ್ತೊಂಬತ್ತೇ!

“ಮದುವೆಯಾದಾಗಿನಿಂದ ಇದೊಂದೇ ಸಲ, ಯಜಮಾನ್ರೇ,” ಎಂದಳು, “ನೀವು ಹೇಳಿದ್ದು ಸರಿ ಇರಬಹುದು ಅಂತ ನಂಬಿದ್ದೆ.”