ಐನೂರಕ್ಕೆ ಒಂದು ಕಡಿಮೆ

ಗಂಡ: ಸತ್ತವರ ಹೆಸರಿದೆ. ನಮ್ಮ ಫೋನ್ ಎತ್ತೋದನ್ನೇ ಬಿಟ್ಟಿರೋ ನಿನ್ನ ಹಳೇ ಗೈಡ್ ಹೆಸರಿದೆ. ಜನ್ಮವಿಡೀ ಇಲಿ ಹಿಡಿದವರ ಹೆಸರೂ ಇದೆ. ಕಟ್ಟಿಕೊಂಡ ಗಂಡನ ಹೆಸರು ಮಾತ್ರ ಇಲ್ಲ.

ಹೆಂಡತಿ: ಅದು ರೆಫರೆನ್ಸ್ ಪಟ್ಟಿ ಕಣ್ರೀ, ಮದುವೆ ಕರೆಯೋಲೆ ಅಲ್ಲ, ಹೆಸರು ಬಿಟ್ಟುಹೋಯ್ತು ಅಂತ ಮುನಿಸಿಕೊಳ್ಳೋಕೆ.

ಇಬ್ಬರೂ ಮಿದುಳು ವಿಜ್ಞಾನಿಗಳು. ಮನುಷ್ಯ ಹೇಗೆ ಗಮನ ಕೊಡುತ್ತಾನೆ, ಹೇಗೆ ಕೇಳಿಸಿಕೊಳ್ಳುತ್ತಾನೆ ಎಂಬುದೇ ಇಬ್ಬರ ಸಂಶೋಧನೆ. ಸಂಸ್ಥೆಗಳು ಬೇರೆ, ಊಟದ ಮೇಜು ಒಂದೇ. ಆ ಮೇಜಿನ ಮೇಲೆ ಹೆಂಡತಿಯ ಹೊಸ ಪೇಪರಿನ ಪ್ರತಿಯಿತ್ತು. ಮಧ್ಯಾಹ್ನದೊಳಗೆ ಅದನ್ನು ಅಂತರ್ಜಾಲಕ್ಕೆ ಏರಿಸಬೇಕಿತ್ತು. ಕಾಫಿ ಲೋಟ ಇಡಲು ಜಾಗ ಮಾಡಿಕೊಳ್ಳುತ್ತಿದ್ದ ಗಂಡ ಅದನ್ನೆತ್ತಿ, ಎಲ್ಲ ವಿಜ್ಞಾನಿಗಳೂ ಮಾಡುವಂತೆ, ಮೊದಲು ಕೊನೆಯ ಪುಟ ತಿರುಗಿಸಿ ತನ್ನ ಹೆಸರು ಹುಡುಕಿದ್ದ. ಸೋಫಾದಲ್ಲಿ ಅವನ ತಾಯಿ ಒಗೆದ ಬಟ್ಟೆಗಳನ್ನು ಮಡಿಸುತ್ತಾ ಕುಳಿತಿದ್ದರು. ಆಕೆಗೆ ಇಂಥ ಬೆಳಗುಗಳು ಹೊಸತಲ್ಲ.

ಅವನ ಸಂಕಟಕ್ಕೆ ಕಾರಣವಿತ್ತು. ಪ್ರೊಫೆಸರ್ ಹುದ್ದೆಗೆ ಬಡ್ತಿ ಕೊಡುವ ಕಮಿಟಿ ಮುಂದಿನ ವಾರ ಸೇರಲಿತ್ತು. ಹಿಂದೆ ಎರಡು ಸಲ ಅದು ಇವನನ್ನು ದಾಟಿ ಇವನಿಗಿಂತ ಕಿರಿಯರನ್ನು ಮೇಲಕ್ಕೇರಿಸಿತ್ತು. ಈ ಸಲ ಹೊಸ ನಿಯಮ: ಬೇರೆ ವಿಜ್ಞಾನಿಗಳು ತಮ್ಮ ಪೇಪರುಗಳಲ್ಲಿ ಇವನ ಕೆಲಸವನ್ನು ಉಲ್ಲೇಖಿಸಿರುವುದು, ಅಂದರೆ ಸೈಟೇಷನ್, ಐನೂರಾದರೂ ಇರಬೇಕು. ಇವನದು ನಾನೂರ ತೊಂಬತ್ತೊಂಬತ್ತಕ್ಕೆ ಬಂದು ಮೊಂಡು ಎತ್ತಿನಂತೆ ನಿಂತುಬಿಟ್ಟಿತ್ತು. ಹಲ್ಲುಜ್ಜುವ ಮುಂಚೆ ಒಮ್ಮೆ, ಉಜ್ಜಿದ ಮೇಲೆ ಒಮ್ಮೆ ಅವನು ಆ ಸಂಖ್ಯೆಯನ್ನು ನೋಡುತ್ತಿದ್ದ.

ಹೆಂಡತಿ: ನಾನೂರ ತೊಂಬತ್ತೊಂಬತ್ತು. ಚಪ್ಪಲಿ ಅಂಗಡಿಯಲ್ಲಿ ಬೆಲೆ ಬರೆದ ಹಾಗಿದೆ.

ಗಂಡ: ನಗು. ನಿನ್ನದು ಸಾವಿರ ದಾಟಿದೆ, ನಗದೆ ಏನು ಮಾಡ್ತೀಯ. ಅಷ್ಟು ಜನಕ್ಕೆ ಎಲೆ ಹಾಕಿದ್ದೀಯಲ್ಲ, ಮೂಲೇಲಿ ನನಗೊಂದು ಹಾಕೋಕೆ ಏನು ಕಷ್ಟ? ಮರೆತೆಯಾ?

ಹೆಂಡತಿ: ಮರೆತಿಲ್ಲ. ಬೇಕಂತಲೇ ಬಿಟ್ಟೆ. ಕರುಣೆಯಿಂದ ಬಿಟ್ಟೆ.

ಗಂಡ: ಕರುಣೆ. ಯಾರ ಮೇಲೆ ಮಹಾತಾಯಿ?

ಹೆಂಡತಿ: ನಿಮ್ಮ ಮೇಲೆ. ಹೆಸರು ಹಾಕಿದ್ರೆ ನಿಮ್ಮ ಪೇಪರ್ ತಪ್ಪು ಅಂತ ಬರೀಬೇಕಾಗುತ್ತೆ.

ಅತ್ತೆಯ ಕೈಯಲ್ಲಿದ್ದ ಟವೆಲು ಅರ್ಧ ಮಡಿಕೆಯಲ್ಲೇ ನಿಂತಿತು.

ವಿಷಯ ಇಷ್ಟೇ. ಎಂಟು ವರ್ಷದ ಹಿಂದೆ ಗಂಡ ಒಂದು ಪೇಪರ್ ಬರೆದಿದ್ದ. ಅವನ ಸೈಟೇಷನ್ನುಗಳಲ್ಲಿ ಬಹುಪಾಲು ಅದೊಂದರಿಂದಲೇ ಬಂದದ್ದು. ಪರಿಚಯದ ದನಿಗೆ ಮನುಷ್ಯ ಗಮನ ಕೊಡಬೇಕಾಗಿಯೇ ಇಲ್ಲ, ಬೇರೆ ಕೆಲಸದಲ್ಲಿ ಮುಳುಗಿದ್ದರೂ ಮಿದುಳು ಆ ಮಾತನ್ನು ಪೂರ್ತಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅದು ಸಾರಿತ್ತು. ಮನೆಯಲ್ಲೂ ಅವನು ಅದೇ ತತ್ತ್ವದ ಮೇಲೆ ಸಂಸಾರ ಮಾಡುತ್ತಿದ್ದ. ಫೋನಿನಿಂದ ತಲೆಯೆತ್ತದೆ “ಹೂಂ, ಕೇಳಿಸ್ತಿದೆ, ಹೇಳು” ಅನ್ನುವುದು ಅವನ ಪಾಲಿಗೆ ಸೋಮಾರಿತನವಲ್ಲ, ಪ್ರಕಟವಾದ ಫಲಿತಾಂಶ.

ಹೆಂಡತಿ ವರ್ಷಗಟ್ಟಲೆ ಆ ಹೂಂಕಾರ ಕೇಳಿ, ಕೊನೆಗೆ ಅದೇ ಪ್ರಯೋಗವನ್ನು ತನ್ನ ಪ್ರಯೋಗಾಲಯದಲ್ಲಿ ಮತ್ತೆ ಮಾಡಿದಳು. ಮದುವೆಯಾದವರನ್ನು ಸ್ಕ್ಯಾನರಿನೊಳಗೆ ಮಲಗಿಸಿ, ಒಂದು ಕಿವಿಗೆ ಯಾರೋ ಅಪರಿಚಿತರು ಓದಿದ ಕಥೆ, ಇನ್ನೊಂದು ಕಿವಿಗೆ ಗಂಡನದೋ ಹೆಂಡತಿಯದೋ ಮಾತು ಕೇಳಿಸಿದಳು. ಕಥೆಯ ಕಡೆಗೆ ಮಾತ್ರ ಗಮನ ಕೊಡಿ ಎಂದಿದ್ದಳು. ಹೊರಗೆ ಬಂದವರು ಕಥೆಯನ್ನು ಗಿಣಿಪಾಠದಂತೆ ಒಪ್ಪಿಸಿದರು. ಮನೆಯವರು ಹೇಳಿದ್ದೇನು ಎಂದು ಕೇಳಿದರೆ ಮುಖ ಮುಖ ನೋಡಿಕೊಂಡರು.

ಹೆಂಡತಿ: ದನಿ ಯಾರದ್ದು ಅಂತ ಗೊತ್ತಾಗುತ್ತೆ ಅತ್ತೆ. ಮಾತು ಏನು ಅಂತ ಗೊತ್ತಾಗಲ್ಲ.

ಅತ್ತೆ: ದೇವರು ಕಿವಿ ಎರಡು ಕೊಟ್ಟ, ಗಮನ ಒಂದೇ ಕೊಟ್ಟ. ಇದಕ್ಕೆ ಅಷ್ಟು ದೊಡ್ಡ ಯಂತ್ರ ಬೇಕಿತ್ತೇನಮ್ಮ?

ಹೆಂಡತಿ: ನಾನು ಹೇಳಿದ್ರೆ ನಿಮ್ಮ ಮಗನಿಗೆ ಕೇಳಿಸಲ್ವಲ್ಲ. ಯಂತ್ರ ಹೇಳಿದ್ರೆ ಕೇಳಿಸುತ್ತೇನೋ ಅಂತ.

ಗಂಡ ಕುರ್ಚಿ ಎಳೆದುಕೊಂಡು ಕುಳಿತ. ಅವನ ಮುಖದಲ್ಲಿ ಮೊದಲು ನೋವು ಕಂಡಿತು. ಸ್ವಲ್ಪ ಹೊತ್ತಿಗೆ ನೋವು ಸರಿದು ಆ ಜಾಗಕ್ಕೆ ಗಣಿತ ಬಂತು.

ಗಂಡ: ತಪ್ಪು ಅಂತಲೇ ಬರಿ.

ಹೆಂಡತಿ: ಏನಂದ್ರಿ?

ಗಂಡ: ಬೈಯಿ. ಆದ್ರೆ ಹೆಸರು, ವರ್ಷ, ಪುಟ ಎಲ್ಲಾ ಹಾಕಿ ಬೈಯಿ. ಎಣಿಸೋದು ಕಂಪ್ಯೂಟರು. ಅದಕ್ಕೆ ಬೈಗುಳ ಯಾವುದು, ಹೊಗಳಿಕೆ ಯಾವುದು ಗೊತ್ತಾಗಲ್ಲ. ಎರಡಕ್ಕೂ ಒಂದೇ ಅಂಕ.

ಹೆಂಡತಿ: ಅಯ್ಯೋ, ಮೊದಲೇ ಹೇಳಬಾರದಿತ್ತಾ. ಇಷ್ಟು ವರ್ಷ ಬಿಟ್ಟಿ ಬೈದು ಹಾಳುಮಾಡಿಕೊಂಡೆ.

ಬೈದದ್ದನ್ನೂ ನಿಜವಾಗಿ ಎಣಿಸುತ್ತಾರೆಯೇ ಎಂದು ಅತ್ತೆ ವಿಚಾರಿಸಿದರು. ಹೌದಮ್ಮ ಎಂದ ಮಗ. ಆಕೆ ಟವೆಲನ್ನು ಪೂರ್ತಿ ಮಡಿಸಿ ಗುಡ್ಡೆಯ ಮೇಲಿಟ್ಟರು.

ಅತ್ತೆ: ಹಾಗಾದ್ರೆ ನಿಮ್ಮಪ್ಪ ಎಷ್ಟು ದೊಡ್ಡ ಮನುಷ್ಯ ಆಗಿರಬೇಕಿತ್ತು.

ಹೆಂಡತಿ ಲ್ಯಾಪ್‌ಟಾಪ್ ತೆರೆದು ಒಂದು ವಾಕ್ಯ ಸೇರಿಸಿದಳು. ಹಿಂದಿನ ಫಲಿತಾಂಶ ತಪ್ಪು ಎಂದು ನಮ್ಮ ಪ್ರಯೋಗ ತೋರಿಸುತ್ತದೆ ಎಂದಿತ್ತು. ಗಂಡ ಹಿಂದೆ ನಿಂತು ಓದಿದ. ಆಮೇಲೆ ತರಕಾರಿ ಗಾಡಿಯ ಮುಂದೆ ನಡೆಯುವಂಥ ವ್ಯಾಪಾರ ಶುರುವಾಯಿತು. ‘ತಪ್ಪು’ ಬೇಡ, ‘ಅಪೂರ್ಣ’ ಅನ್ನು ಎಂದ ಅವನು. ಅಪೂರ್ಣ ಅಂದರೆ ಇರುವಷ್ಟಾದರೂ ಸರಿ ಎಂದಾಗುತ್ತದೆ, ಅದು ಸುಳ್ಳು ಎಂದಳು ಅವಳು. ‘ಭಿನ್ನ’ ಆಗಬಹುದೇ? ಭಿನ್ನ ಅನ್ನುವುದಕ್ಕೆ ಇದೇನು ಊಟದ ರುಚಿಯೇ? ಕೊನೆಗೆ ‘ಎಷ್ಟು ಹುಡುಕಿದರೂ ಆ ಫಲಿತಾಂಶ ನಮಗೆ ಸಿಗಲಿಲ್ಲ’ ಎಂಬಲ್ಲಿಗೆ ಬಂದು ನಿಂತರು.

ಗಂಡ: ‘ಎಷ್ಟು ಹುಡುಕಿದರೂ’ ಅನ್ನೋದು ಬೇಕಾ? ಕಳೆದುಹೋದ ಕೊಡೆ ಹುಡುಕಿದ ಹಾಗೆ ಕೇಳಿಸುತ್ತೆ.

ಹೆಂಡತಿ: ತೆಗೆದೆ. ಮನೆಯವರು ಅಂತ ರಿಯಾಯಿತಿ.

ಅವನಿಗೆ ಜೀವ ಬಂದಂತಾಯಿತು. ಕೂಡಲೇ ಆಫೀಸಿನ ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿ, ಐನೂರನೆಯದು ಇನ್ನೆರಡು ದಿನದಲ್ಲಿ ಬರುತ್ತದೆ, ಕಡತ ಮುಚ್ಚಬೇಡಿ ಎಂದು ಕೇಳಿಕೊಂಡ. ಆ ಕಡೆಯವರು ಯಾರ ಪೇಪರ್ ಸಾರ್ ಎಂದು ಕೇಳಿರಬೇಕು. “ನಮ್ಮ ಮನೆಯವರದ್ದೇ” ಎಂದು ಇವನು ಹೆಮ್ಮೆಯಿಂದಲೇ ಹೇಳಿದ. ಆಮೇಲೆ ಬಹಳ ಹೊತ್ತು ಆ ಕಡೆಯವರೇ ಮಾತಾಡಿದರು. ಇವನು ಒಂದೂ ಹೂಂಕಾರವಿಲ್ಲದೆ ಪೂರ್ತಿ ಕೇಳಿಸಿಕೊಂಡ.

ಗಂಡ: ಲೆಕ್ಕಕ್ಕೆ ಬರಲ್ವಂತೆ. ನಮ್ಮ ಬಗ್ಗೆ ನಾವೇ ಬರೆದುಕೊಂಡದ್ದೂ ಬರಲ್ಲ, ಹೆಂಡತಿ ಬರೆದದ್ದೂ ಬರಲ್ಲ.

ಅತ್ತೆ: ಮನೆಯವರು ಅಂದದ್ದು ಯಾವ ಕಾಲದಲ್ಲಿ ಲೆಕ್ಕಕ್ಕೆ ಬಂದಿದೆ, ಬಿಡು. ಇನ್ನೂ ಒಂದು ವಾರ ಇದೆಯಲ್ಲ. ಹೊರಗಿನವರು ಯಾರಾದ್ರೂ ಪುಣ್ಯಾತ್ಮರು ಬೈತಾರೆ.

ಗಂಡ: ಸರಿ. ಆ ವಾಕ್ಯ ತೆಗೆದುಬಿಡು.

ಹೆಂಡತಿ: ಯಾವ ವಾಕ್ಯ?

ಗಂಡ: ಅದೇ, ಸಿಗಲಿಲ್ಲ ಅನ್ನೋದು. ಅಂಕವೂ ಇಲ್ಲ ಅಂದಮೇಲೆ ಸುಮ್ಮನೆ ಊರಿಗೆಲ್ಲಾ ಡಂಗುರ ಯಾಕೆ?

ಹೆಂಡತಿ: ತೆಗೆಯಲ್ಲ.

ಗಂಡ: ಆಗ ಕರುಣೆ ಅಂದೆಯಲ್ಲ.

ಹೆಂಡತಿ: ಕರುಣೆ ಅಂದುಕೊಂಡಿದ್ದೆ. ಬರೆದಮೇಲೆ ಗೊತ್ತಾಯ್ತು, ಅದು ಮುಚ್ಚಿಡೋದು ಅಂತ. ನಿಮ್ಮ ಪೇಪರ್ ನಂಬಿಕೊಂಡು ಕೆಲಸ ಮಾಡ್ತಿರೋರು ಎಷ್ಟು ಜನ ಇದ್ದಾರೆ. ಅವರಿಗೆ ಹೇಳಬೇಕಾ, ಬೇಡವಾ?

ಉತ್ತರವಿಲ್ಲದಿದ್ದಾಗ ವಿದ್ವಾಂಸರು ಮಾಡುವುದನ್ನೇ ಅವನೂ ಮಾಡಿದ. ಹಾಗಾದರೆ ತಾನೂ ಒಂದು ಪೇಪರ್ ಬರೆದು ಅವಳನ್ನು ಖಂಡಿಸುವುದಾಗಿ ಘೋಷಿಸಿದ.

ಹೆಂಡತಿ: ಧಾರಾಳವಾಗಿ ಬರೀರಿ. ಆದ್ರೆ ಖಂಡಿಸೋಕೆ ಮೊದಲು ಓದಬೇಕಾಗುತ್ತೆ. ಕೊನೆಯ ಪುಟದಿಂದ ಅಲ್ಲ, ಮೊದಲ ಪುಟದಿಂದ.

ಅವನು ಕೆಂಪು ಪೆನ್ನು ಹಿಡಿದು, ಯುದ್ಧಕ್ಕೆ ಹೊರಟವನಂತೆ ಮೊದಲ ಪುಟ ತೆಗೆದ. ಎರಡನೆಯ ಪುಟದಲ್ಲಿ ಮೂಗು ಮುರಿದ. ನಾಲ್ಕನೆಯದರಲ್ಲಿ ಪೆನ್ನಿನ ಮುಚ್ಚಳ ಹಾಕಿದ. ಕಾಫಿ ಆರಿ ಕೆನೆ ಕಟ್ಟಿತು. ಫೋನು ಎರಡು ಸಲ ಗುಂಯ್‌ಗುಟ್ಟಿದರೂ ಅವನ ಕೈ ಅತ್ತ ಹೋಗಲಿಲ್ಲ. ಅತ್ತೆ ಸೊಸೆಗೆ ಕಣ್ಣಲ್ಲೇ ಅದನ್ನು ತೋರಿಸಿದರು. ಕೊನೆಯ ಪುಟ ಮುಗಿಸಿದ ಮೇಲೆ ಅವನು ಮತ್ತೆ ಹಿಂದಕ್ಕೆ ಬಂದು, ಒಂದು ಚಿತ್ರವನ್ನು ನೋಡುತ್ತಾ ಬಹಳ ಹೊತ್ತು ಕುಳಿತ.

ಗಂಡ: ಈ ಚಿತ್ರದ ಪ್ರಕಾರ ನಾನೇ ಸರಿ.

ಹೆಂಡತಿ: ಕನಸು ಬಿತ್ತಾ?

ಗಂಡ: ಬಂದು ನೋಡು. ಯಾರ ಮಾತು ಎಷ್ಟು ನೆನಪಿತ್ತು ಅಂತ ಎರಡು ಕಂಬ ನಿಲ್ಲಿಸಿದ್ದೀಯ. ಎತ್ತರದ ಕಂಬದ ಕೆಳಗೆ ‘ಸಂಗಾತಿ’ ಅಂತಿದೆ. ಗಿಡ್ಡದರ ಕೆಳಗೆ ‘ಅಪರಿಚಿತ’ ಅಂತಿದೆ.

ಅವಳು ನೋಡಿದಳು. ಎರಡು ಹೆಸರುಗಳು ಅದಲುಬದಲಾಗಿದ್ದವು. ತನ್ನ ತಂಡದವರೆಲ್ಲ ನೋಡಿ ಸೈ ಅಂದಿದ್ದ ಚಿತ್ರ ಅದು. ಹಾಗೆಯೇ ಹೋಗಿದ್ದರೆ ಮಾತಿನಲ್ಲಿ ಗಂಡನನ್ನು ಅಲ್ಲಗಳೆದು, ಚಿತ್ರದಲ್ಲಿ ಅವನಿಗೇ ಸರ್ಟಿಫಿಕೇಟು ಕೊಟ್ಟು, ಅವಳು ನಾಲ್ಕು ಜನರ ಮುಂದೆ ನಗೆಪಾಟಲಾಗುತ್ತಿದ್ದಳು.

ಹೆಂಡತಿ: ಹೇಳದೆ ಸುಮ್ಮನಿದ್ದಿದ್ರೆ ನಿಮಗೇ ಒಳ್ಳೇದಿತ್ತಲ್ಲ.

ಗಂಡ: ಅದನ್ನೇ ಯೋಚಿಸ್ತಾ ಕೂತಿದ್ದೆ.

ಹೆಂಡತಿ: ಮತ್ತೆ?

ಗಂಡ: ಉಳಿದ ಪುಟ ಎಲ್ಲಾ ಸರಿಯಾಗಿವೆ. ಏನು ಮಾಡಲಿ?

ಅವಳು ಚಿತ್ರದ ಹೆಸರುಗಳನ್ನು ಸರಿಪಡಿಸಿ, ಇನ್ನೊಮ್ಮೆ ನೋಡಿ, ಪೇಪರಿನ ಕೊನೆಗೆ ಹೋದಳು. ಸಹಾಯ ಮಾಡಿದವರನ್ನು ನೆನೆಯುವ ಜಾಗ ಅದು. ಅಲ್ಲಿ ಅವನ ಹೆಸರು ಹಾಕುವುದಾಗಿ ಹೇಳಿದಳು.

ಗಂಡ: ಅದು ಲೆಕ್ಕಕ್ಕೆ ಬರುತ್ತಾ?

ಹೆಂಡತಿ: ಎಲ್ಲೂ ಬರಲ್ಲ.

ಗಂಡ: ಆದ್ರೂ ಹಾಕು.

ಅವಳು ಬರೆದು, ಅತ್ತೆಗೂ ಕೇಳಿಸುವಂತೆ ಓದಿದಳು: “ಈ ಪ್ರಬಂಧವನ್ನು ಕೊನೆಗೂ ಗಮನವಿಟ್ಟು ಓದಿ ತಪ್ಪು ತೋರಿಸಿದ ಪತಿಗೆ ಕೃತಜ್ಞತೆಗಳು.”

ಗಂಡ: ‘ಕೊನೆಗೂ’ ಅನ್ನೋದು ತೆಗಿ.

ಹೆಂಡತಿ: ಬೇರೆ ಏನು ಬೇಕಾದ್ರೂ ಕೇಳಿ. ಅದೊಂದಕ್ಕೆ ಪುರಾವೆ ಇದೆ.