ಬಿಸಿಲಿಗಿಟ್ಟ ಶೆಲ್ಲಿನ ಹಾಡು

ಸುಳ್ಳು ಅನ್ನೋರು ಈಗಲೇ ಎದ್ದು ಹೋಗಬಹುದು. ಆದರೆ ತುಮರಿಯಲ್ಲಿ ಕೂತು ಇಡೀ ಕ್ಯಾಸೆಟ್ಟನ್ನು ಒಬ್ಬನೇ ಮಾಡಿದವ ಸಾಗರ ಸೀಮೆಗೆಲ್ಲ ನಾನೊಬ್ಬನೇ. ವಾದ್ಯ ನಾನೇ, ಗಾಯನ ನಾನೇ, ಮಾರಾಟವೂ ನಾನೇ. ದೊಡ್ಡ ಕೆಲಸಕ್ಕೆ ಕೈ ಹಾಕಿದವರಿಗೆ ಇಂಥ ಫಜೀತಿಗಳು ಆಗ್ತಾನೇ ಇರ್ತವೆ. ಸಣ್ಣಪುಟ್ಟ ಕೆಲಸದವರಿಗೆ ಆ ಭಾಗ್ಯ ಇಲ್ಲ.

೧. ಶೆಲ್ಲು

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಬೊಂಬಾಯಿಯ ಭಾವ ಬರುವಾಗ ನನಗೊಂದು ಕೀಬೋರ್ಡು ತಂದುಕೊಟ್ಟ. ಮೊಳದುದ್ದದ ಪೆಟ್ಟಿಗೆ. ಒಂದು ಗುಂಡಿ ಒತ್ತಿದರೆ ತಬಲಾದವನ ಹಂಗಿಲ್ಲದೆ ತಾನೇ ‘ಢುಂ ಚಿಕ್, ಢುಂ ಚಿಕ್’ ಅಂತ ಬಡಿಯುತ್ತೆ. ವಾರದೊಳಗೆ ಒಂದು ಕ್ಯಾಸೆಟ್ಟಿಗಾಗುವಷ್ಟು ಹಾಡು ಕಟ್ಟಿದೆ. ಎಲ್ಲ ನನ್ನದೇ ತಲೆಯಿಂದ ಬಂದದ್ದು.

ಅಪ್ಪಯ್ಯ ಕೇಳಿದರು, “ಇದನ್ನ ಕೇಳೋರು ಯಾರಾ?”

“ಮೂರು ತಾಲೂಕೂ ಕೇಳ್ತದೆ.”

“ಹೌದನಾ? ಹಂಗಾದ್ರೆ ದೀಪಾವಳಿ ಒಳಗೆ ಯಾರಾದ್ರೂ ನಾಲ್ಕು ಜನರೆದುರು ಕರ್ದು ನಿಂಗೆ ಸನ್ಮಾನ ಮಾಡ್ಲಿ. ಇಲ್ದಿದ್ರೆ ಆ ಪೆಟ್ಟಿಗೆ ಮಾರಿ ಮಾವನ ಅಕ್ಕಿ ಗಿರಣೀಲಿ ನಿಲ್ಬೇಕು.”

“ಆಯ್ತು,” ಅಂದೆ. ನನಗೆಂತ ಹೆದರಿಕೆ?

ನಮ್ಮ ಗದ್ದೆ ಮುಳುಗಿಸಿದ ಅಣೆಕಟ್ಟಿನ ನೀರಿನಿಂದ ನಾಡಿಗೆಲ್ಲ ಕರೆಂಟು ಸಿಕ್ಕಿತ್ತು, ನಮ್ಮ ಮನೆಗೆ ಮಾತ್ರ ಬಂದಿರಲಿಲ್ಲ. ಹಾಗಾಗಿ ಎಲ್ಲ ಶೆಲ್ಲಿನ ಮೇಲೇ ನಡೆಯಬೇಕು. ಇದ್ದ ಹೊಸ ಶೆಲ್ಲುಗಳನ್ನು ಕೀಬೋರ್ಡು ನುಂಗಿತು. ಟೇಪ್ ರೆಕಾರ್ಡರಿಗೂ ಹೊಸದು ಬೇಕು ಅಂದರೆ ಅಪ್ಪಯ್ಯ ಉರಿದುಬಿದ್ದರು. “ಹಾಡಿಗೆ ಹೊಸ ಶೆಲ್ಲಾ? ಟಾರ್ಚು ಬ್ಯಾಟರಿಯಿಂದ ತೆಗೆದಿಟ್ಟ ಹಳೇವು ಅದಾವೆ, ಬಿಸಿಲಿಗಿಡು, ಜೀವ ಬರ್ತದೆ.”

ಇಟ್ಟೆ. ನಮ್ಮ ಕಡೆ ಹಪ್ಪಳದ ಪಕ್ಕ ಶೆಲ್ಲು ಒಣಗಿಸೋದು ಹೊಸತೇನಲ್ಲ. ಕಂಬಳಿ ಕಟ್ಟಿದ ಕೋಣೆಯಲ್ಲಿ ಕೂತು ಎಲ್ಲ ಹಾಡನ್ನೂ ಒಂದೇ ಉಸಿರಿಗೆ ಹಾಡಿ ಮುಗಿಸಿದೆ. ಎರಡನೇ ಹಾಡಿನ ನಡುವೆ ಹಿನ್ನೀರು ದಾಟಿಸುವ ಲಾಂಚಿನ ಹಾರ್ನು ಬಂತು. ನಾಲ್ಕನೆಯದರಲ್ಲಿ ಸರಿಯಾಗಿ ತಾಳಕ್ಕೆ ಬಿದ್ದ ಹಾಗೆ ಅಮ್ಮನ ಕೂಗು: “ಗಂಜಿ ಆರ್ತದಾ, ಬರ್ತ್ಯನಾ ಇಲ್ವನಾ?”

ಮುಂದೆ ಇಡೀ ಕ್ಯಾಸೆಟ್ಟಿನಲ್ಲಿ ಜನ ತಪ್ಪದೆ ಮೆಚ್ಚಿದ್ದು ಆ ಸಾಲೊಂದನ್ನೇ.

೨. ಕವರು

ಸಾಗರದ ಕ್ಯಾಸೆಟ್ ಅಂಗಡಿಯವನಿಗೆ ಕಾಪಿ ತೆಗೆಯಲು ಕೊಟ್ಟು, ಕವರು ಮಾಡಿಸಲು ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನ ಯಜಮಾನರು ಹುಟ್ಟಿದಾಗಿಂದ ಮದುವೆ ಕಾಗದ ಬಿಟ್ಟು ಬೇರೇನೂ ಅಚ್ಚು ಹಾಕಿದವರಲ್ಲ. ಮೇಲೆ ಗಣಪತಿ, ಸುತ್ತ ಬಳ್ಳಿಯ ಅಂಚು, ಕೆಳಗೆ ‘ಆಶೀರ್ವಾದವೇ ಉಡುಗೊರೆ’.

“ಇದೆಂತಕ್ಕೆ ರಾಯ್ರೇ?” ಅಂದೆ.

“ಅದು ಕಟ್ಟಿಟ್ಟ ಅಚ್ಚು ತಮ್ಮಾ, ಬಿಚ್ಚಿದ್ರೆ ಅಕ್ಷರದ ಮೊಳೆ ಎಲ್ಲ ಚೆಲ್ಲಾಪಿಲ್ಲಿ ಆಗ್ತವೆ. ಆಶೀರ್ವಾದ ಬೇಡ ಅನ್ನೋಕೆ ನೀನ್ಯಾರು?” ಅಂದವರೇ, ಅಭ್ಯಾಸಬಲದಿಂದ ಒಂದೊಂದು ಕವರಿನ ಮೂಲೆಗೂ ಅರಿಶಿನ ಹಚ್ಚಿ ಕೊಟ್ಟರು.

ಅಲ್ಲಿಂದ ಕ್ಯಾಸೆಟ್ ಅಂಗಡಿಗೆ ಬಂದರೆ ಒಳಗೊಂದು ಹುಡುಗಿ ಭರ್ಜರಿಯಾಗಿ ಹಾಡುತ್ತಿದ್ದಳು. ಸ್ವಲ್ಪ ಅವಸರದ ಹುಡುಗಿ, ಆದರೂ ಕಂಠ ಚೆನ್ನಾಗಿತ್ತು. “ಯಾರು ಮಾರಾಯಾ ಇವಳು?” ಅಂದೆ.

ಅಂಗಡಿಯವ ನನ್ನನ್ನೇ ಮೇಲಿಂದ ಕೆಳಗೆ ನೋಡಿದ. “ನೀವೇ ತಂದುಕೊಟ್ರಲ್ಲ? ನಿಮ್ಮ ತಂಗಿಯಲ್ವಾ?”

ಆಮೇಲೆ ಗೊತ್ತಾಯಿತು. ಬಡಕಲು ಶೆಲ್ಲಿನಲ್ಲಿ ರೆಕಾರ್ಡರು ತೆವಳಿಕೊಂಡು ಓಡಿದೆ. ಮನೆಯಲ್ಲಿ ಅದೇ ಶೆಲ್ಲಿನಲ್ಲಿ ಕೇಳಿದ್ದರಿಂದ ಸರಿಯಾಗೇ ಇತ್ತು. ಸಾಗರದ ಕರೆಂಟು ಕೊಟ್ಟೊಡನೆ ಹಾಡು ಓಡತೊಡಗಿದೆ, ನನ್ನ ಗಂಡು ಕಂಠ ಲಂಗ ಉಟ್ಟಿದೆ.

“ಅಳಿಸಿ!” ಅಂದೆ.

“ಕಾಪಿ ಎಲ್ಲ ಎತ್ತಾಯ್ತು. ಅಳಿಸಿದ್ರೆ ದಂಡ. ಬೇಜಾರು ಮಾಡ್ಕಬೇಡಿ, ನಿಮಗಿಂತ ಇವಳೇ ಚಲೋ ಹಾಡ್ತಾಳೆ.”

೩. ಗಟ್ಟಿಮೇಳ

ಹೊಸನಗರದಲ್ಲಿ ಒಬ್ಬರು ಮೈಕ್‌ಸೆಟ್ಟಿನವರಿದ್ದರು. ಅವರು ಮದುವೆಯಲ್ಲಿ ಹಾಕಿದ ಹಾಡು ಮೂರು ತಾಲೂಕಿಗೂ ಹೋಗುತ್ತೆ. ಅವರ ಮನೆಗೇ ನಡೆದೆ. ಯಜಮಾನರಿರಲಿಲ್ಲ. ಅವರ ಹೆಂಡತಿ ಬೆಲ್ಲ ನೀರು ಕೊಟ್ಟು, ಅರಿಶಿನದ ಮೂಲೆ ನೋಡಿ, ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ತಗೊಂಡು ದೇವರ ಮುಂದಿಟ್ಟರು.

“ಹುಡುಗಿ ಯಾವೂರು? ಮುಹೂರ್ತ ಯಾವತ್ತು?”

“ಅಕ್ಕಾ, ಇದು ಮದುವೆ ಕಾಗದ ಅಲ್ಲ, ಕ್ಯಾಸೆಟ್ಟು.”

“ಅಯ್ಯ! ಈಗ ಕ್ಯಾಸೆಟ್ನಲ್ಲೂ ಕರೀತಾರಾ!”

ಅಂತೂ ಮುಂದಿನ ವಾರದ ಮದುವೆಯೊಂದರಲ್ಲಿ ನನ್ನ ಹಾಡು ಮೈಕಿಗೇರಿತು. ಕರೆಯದಿದ್ದರೂ ನಾನು ಹೋಗಿದ್ದೆ. ಪುರೋಹಿತರು ಮಂತ್ರ ಹೇಳ್ತಿದ್ದಾರೆ, ಹುಡುಗ ತಾಳಿಗೆ ಇನ್ನೂ ಕೈ ಹಾಕಿಲ್ಲ. ಅಷ್ಟರಲ್ಲಿ ನನ್ನ ಮೂರನೇ ಹಾಡಿನ ‘ಢುಂಢುಂಢುಂಢುಂ’ ಶುರುವಾಯಿತು. ವಾಲಗದವರು ಹೊರಗೆ ಚಪ್ಪರದಲ್ಲಿದ್ದರು. ಒಳಗೆ ಗಟ್ಟಿಮೇಳ ಹೊಡೆಸ್ತಿದ್ದಾರೆ, ತಾವೇ ಹಿಂದೆ ಬಿದ್ದೆವು ಅಂತ ಗಾಬರಿಬಿದ್ದು ಡೋಲು ಬಾರಿಸಿಯೇಬಿಟ್ಟರು. ಡೋಲು ಕೇಳಿದ ಜನ ಬಿಡ್ತಾರಾ? ಅಷ್ಟೂ ಅಕ್ಷತೆ ಹುಡುಗ ಹುಡುಗಿಯ ತಲೆಗೆ ಬಿತ್ತು. ಅರ್ಧ ಜನ ಆಗಲೇ ಊಟದ ಪಂಕ್ತಿಗೆ ಓಡಿದರು.

ಹುಡುಗಿಯ ಅಪ್ಪ ಪಂಚೆ ಎತ್ತಿ ಕಟ್ಟಿ ಕೂಗುತ್ತಿದ್ದರು: “ಹ್ವಾಯ್, ಕೂತ್ಕಳಿ ಮಾರಾಯ್ರೇ! ತಾಳಿ ಇನ್ನೂ ತಟ್ಟೇಲೇ ಇದೆ!”

೪. ಸನ್ಮಾನ

ಆ ಮದುವೆಗೆ ಬಂದಿದ್ದವರಲ್ಲಿ ತೀರ್ಥಹಳ್ಳಿಯ ಒಂದು ಮಹಿಳಾ ಮಂಡಳಿಯ ಅಧ್ಯಕ್ಷೆಯೂ ಇದ್ದರು. ಅಷ್ಟು ಗಲಾಟೆಯಲ್ಲೂ ಅವರಿಗೆ ಹಾಡು ಹಿಡಿಸಿ, ಹಾಡಿದವಳು ಯಾರು ಅಂತ ಸಾಗರದ ಕ್ಯಾಸೆಟ್ ಅಂಗಡಿಯಲ್ಲಿ ವಿಚಾರಿಸಿದರಂತೆ. ದೀಪಾವಳಿಗೆ ವಾರ ಇದೆ ಅನ್ನುವಾಗ ಸಾಗರದ ಅಂಗಡಿಯವ ಲಾಂಚಿನವರ ಹತ್ತಿರ ಹೇಳಿಕಳಿಸಿದ: ಮಂಡಳಿಯ ವಾರ್ಷಿಕೋತ್ಸವದಲ್ಲಿ ಸನ್ಮಾನ, ಬನ್ನಿ.

ಹೊಸ ಪ್ಯಾಂಟು, ಕಪ್ಪು ಕನ್ನಡಕ, ಬಗಲಲ್ಲಿ ಕೀಬೋರ್ಡು. ಹಾಲ್‌ನ ಬಾಗಿಲಲ್ಲೇ ಅಧ್ಯಕ್ಷೆ ತಡೆದರು. “ಎಲ್ಲಪ್ಪಾ ನಿಮ್ಮ ತಂಗಿ?”

“ನಾನೇ ಹಾಡಿದ್ದು ಅಮ್ಮಾ.”

“ತಮಾಷೆ ಸಾಕು. ಜನ ಕಾಯ್ತಾ ಇದ್ದಾರೆ.”

ಸೀದಾ ವೇದಿಕೆ ಹತ್ತಿ ಒಂದು ಸಾಲು ಹಾಡಿದೆ. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಪಕ್ಕದವರಿಗೆ, “ಪಾಪ, ಹುಡುಗಿಗೆ ಗಂಟಲು ಕಟ್ಟಿದೆ,” ಅಂದರು. ಉಳಿದವರು ಅಷ್ಟು ಕರುಣೆಯನ್ನೂ ತೋರಿಸಲಿಲ್ಲ. “ಆ ಹುಡುಗಿ ಹಾಡಿದ್ದನ್ನೇ ಹಾಕಿ, ಇವನನ್ನ ಇಳ್ಸಿ,” ಅಂತ ಹಿಂದಿನಿಂದ ಕೂಗು. ಕ್ಯಾಸೆಟ್ಟು ಹಾಕಿದರು. ಹುಡುಗಿ ಶುರು ಮಾಡಿದಳು. ನನ್ನ ಕಣ್ಣ ಮುಂದೆ ಅಕ್ಕಿ ಗಿರಣಿ ತಿರುಗತೊಡಗಿತು.

ಅಷ್ಟರಲ್ಲಿ ತೀರ್ಥಹಳ್ಳಿಯ ವೋಲ್ಟೇಜು ಕೈಕೊಟ್ಟಿತು ನೋಡಿ! ಬಲ್ಬುಗಳು ಕೆಂಪಗಾದವು, ಫ್ಯಾನುಗಳು ಸೋತವು. ಟೇಪು ನಿಧಾನವಾಗುತ್ತಾ ಹೋದ ಹಾಗೆ ಹುಡುಗಿಯ ದನಿ ಇಳಿಯಿತು, ಇಳಿಯಿತು, ಇಳಿದು ಇಳಿದು ನನ್ನ ದನಿಯೇ ಆಯಿತು! ನಾನೂ ಜೊತೆಗೆ ಹಾಡಿದೆ. ಎರಡಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ.

ಅಜ್ಜಿ ಎದ್ದು ನಿಂತರು. “ಇವನೇ ಕಣ್ರೇ ಆ ಹುಡುಗಿ!”

ಚಪ್ಪಾಳೆಯೋ ಚಪ್ಪಾಳೆ. ಆದರೆ ತಟ್ಟೆ ಮೊದಲೇ ಸಿದ್ಧವಾಗಿತ್ತು. ಅಧ್ಯಕ್ಷೆ ಕಕ್ಕಾಬಿಕ್ಕಿಯಾಗಿ, “ತಂದಾಗಿದೆ, ಬೇರೆ ಇಲ್ಲ,” ಅಂತ ಪಿಸುಗುಟ್ಟಿ ಕುಂಕುಮ ಇಟ್ಟರು, ರವಿಕೆ ಕಣ ಕೊಟ್ಟರು, ಹಸಿರು ಬಳೆ ಕೊಟ್ಟರು. ಮಲ್ಲಿಗೆ ದಂಡೆ ಮುಡಿಸಲು ಜಾಗ ಸಿಗದೆ ಕೀಬೋರ್ಡಿಗೆ ಮುಡಿಸಿದರು.

ಮನೆಗೆ ಬಂದು ಅಪ್ಪಯ್ಯನ ಮುಂದೆ ತಟ್ಟೆ ಇಟ್ಟೆ. ನಡೆದದ್ದೆಲ್ಲ ಹೇಳಿದೆ. ರವಿಕೆ ಕಣವನ್ನು ಎರಡು ಸಲ ತಿರುಗಿಸಿ ನೋಡಿದರು.

“ಜನರೆದುರೇ ಕೊಟ್ರನಾ?”

“ಹಾಲ್ ತುಂಬ ಜನ.”

“ಸನ್ಮಾನ ಹೌದು ಹಂಗಾದ್ರೆ,” ಅಂದರು. ಬಳೆಯನ್ನು ಅಮ್ಮ ಆಗಲೇ ಹಾಕಿಕೊಂಡಾಗಿತ್ತು.

ಮರುದಿನ ಅಪ್ಪಯ್ಯ ಸಾಗರಕ್ಕೆ ಹೋಗಿ, ಸಂಜೆಯ ಲಾಂಚು ಇಳಿದು ಬಂದು, ನನ್ನ ಕೈಗೊಂದು ಪೊಟ್ಟಣ ಕೊಟ್ಟರು. ಒಳಗಿದ್ದದ್ದು ಆರು ಹೊಸ ಶೆಲ್ಲು.