ಮೆಟ್ಟಿಲು ಬಿದ್ದ ಕಾರಣದ ಇಂಗ್ಲಿಷ್ ವರದಿ

ಕಾರಣ ತಿಳಿಸದ ಯಾವ ಪರಿಣಾಮವನ್ನೂ ನಮ್ಮ ಇಲಾಖೆ ಮಾನ್ಯ ಮಾಡುವುದಿಲ್ಲ. ಆ ಕಾರಣವನ್ನು ಶುದ್ಧ ಇಂಗ್ಲಿಷಿನಲ್ಲಿ ಬರೆದು ಕೇಂದ್ರ ಕಚೇರಿಗೆ ಕಳಿಸತಕ್ಕದ್ದು ಎಂಬುದು ನಿಯಮ. ಆದ್ದರಿಂದ, ಒಬ್ಬರನ್ನು ಬಿಟ್ಟು ಎಲ್ಲರೂ ಚಹಾಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಕಚೇರಿಯ ಮೆಟ್ಟಿಲುಗಳು ದಡಾರನೆ ಕುಸಿದಾಗ, ಅವು ಬಿದ್ದಿವೆ ಎಂದು ಹೇಳುವ ಅಧಿಕಾರ ಅಲ್ಲಿದ್ದ ಯಾರಿಗೂ ಇರಲಿಲ್ಲ.

ಆ ಹೊತ್ತಿಗೆ ಮಹಡಿಯ ಮೇಲಿದ್ದವರು ಟೈಪಿಸ್ಟರೊಬ್ಬರೇ. ಇಡೀ ಕಚೇರಿಯಲ್ಲಿ ಇಂಗ್ಲಿಷ್ ಬರುತ್ತಿದ್ದುದೂ ಅವರೊಬ್ಬರಿಗೇ. ಹೀಗಾಗಿ ವರದಿಯನ್ನು ಅವರೇ ಬರೆಯಬೇಕಾಯಿತು. ಬಕೆಟ್ಟಿಗೆ ಹಗ್ಗ ಕಟ್ಟಿ ಕಾಗದಗಳನ್ನು ಕಿಟಕಿಯಿಂದ ಮೇಲಕ್ಕೆ ಎಳೆದುಕೊಳ್ಳುವ ಏರ್ಪಾಡಾಯಿತು. ಸಂಜೆ ಅವರ ಹೆಂಡತಿ ಊಟದ ಡಬ್ಬಿ, ಹೊದಿಕೆ ತಂದು ಅದೇ ಬಕೆಟ್ಟಿನಲ್ಲಿಟ್ಟರು.

"ಎದುರು ಕಟ್ಟಡಕ್ಕೆ ಬಣ್ಣ ಹೊಡೀತಿದ್ದಾರಲ್ಲ ಸಾರ್, ಅವರ ಏಣಿ ಕೇಳಿದ್ರೆ ಆಗಲ್ವಾ?" ಎಂದು ಆಕೆ ಕೆಳಗೆ ನಿಂತಿದ್ದ ಸೂಪರಿಂಟೆಂಡೆಂಟರನ್ನು ಕೇಳಿದರು.

"ಏಣಿ ಇಟ್ಟರೆ ಮೆಟ್ಟಿಲು ಇಲ್ಲ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತೆ ಕಣಮ್ಮಾ. ಮೊದಲು ವರದಿ ಹೋಗಲಿ."

"ಅಲ್ಲೀವರೆಗೆ ನಮ್ಮನೆಯವರು?"

"ಡ್ಯೂಟಿ ಮೇಲಿದ್ದಾರೆ."

ಟೈಪಿಸ್ಟರ ಮೊದಲ ವರದಿ 'ಬಿಕಾಸ್' ಎಂದು ಶುರುವಾಗಿತ್ತು: ಮೆಟ್ಟಿಲು ಬಿದ್ದಿರುವುದರಿಂದ ನಾನು ಮೇಲೆ ಸಿಕ್ಕಿಕೊಂಡಿದ್ದೇನೆ. ಅದು ಷರಾ ಸಮೇತ ವಾಪಸು ಬಂತು: 'ಬಿಕಾಸ್ ಎಂಬುದು ಮನೆಮಂದಿ ಆಡಿಕೊಳ್ಳುವ ಮಾತು. ಸರ್ಕಾರಿ ವಸ್ತುಗಳು ಬಿಕಾಸ್‌ನಿಂದ ಬೀಳತಕ್ಕದ್ದಲ್ಲ.' ಟೈಪಿಸ್ಟರು ಅದನ್ನು 'ಓಯಿಂಗ್ ಟು' ಎಂದು ತಿದ್ದಿ ಕಳಿಸಿದರು. ಇಂಗ್ಲಿಷ್ ಸುಧಾರಿಸಿದೆ, ಆದರೆ ಮೆಟ್ಟಿಲು ಬಿದ್ದದ್ದಕ್ಕೇ ಕಾರಣ ಕೊಟ್ಟಿಲ್ಲ ಎಂದು ಅದೂ ಮರಳಿತು.

ಟೈಪಿಸ್ಟರು ಕಿಟಕಿಯಿಂದ ಬಗ್ಗಿ, "ಸಿಮೆಂಟಿಗಿಂತ ಮರಳೇ ಜಾಸ್ತಿ ಇತ್ತು ಅಂತ ಬರೀಲಾ ಸಾರ್?" ಎಂದರು.

"ಛೆ ಛೆ! ಕಟ್ಟಿಸಿದ್ದು ನನ್ನ ಷಡ್ಡಕ. ಹೆಂಡತಿ ತಂಗಿ ಮನೆ ವಿಷಯ, ಹಬ್ಬ ಹುಣ್ಣಿಮೆಗೆ ಮುಖ ನೋಡ್ಬೇಕಲ್ಲ! ಇಂಗ್ಲಿಷಲ್ಲಿ ಮಾಡಿದವರ ಹೆಸರು ಹೇಳದೇನೇ ಕೆಲಸ ಆಯ್ತು ಅನ್ನಬಹುದಂತಲ್ಲ, ಅದು ಹಾಕಿ."

"ಹಾಕಿದೆ ಸಾರ್. ಆದ್ರೂ ಅವರು ಕಾರಣ ಕೇಳ್ತಾರೆ."

ಸೂಪರಿಂಟೆಂಡೆಂಟರು ವರದಿಯನ್ನು ಕೆಳಗಿಳಿಸಿಕೊಂಡು, ತಾವೇ ಪೆನ್ನು ಹಿಡಿದು, ಮುಂದಿದ್ದುದನ್ನು ಹಿಂದಕ್ಕೂ ಹಿಂದಿದ್ದುದನ್ನು ಮುಂದಕ್ಕೂ ಹಾಕಿ, ನಡುವೆ ತಮಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಪದವಾದ 'ದೇರ್‌ಫೋರ್' ಅನ್ನು ಗಂಭೀರವಾಗಿ ಸೇರಿಸಿದರು. ಟೈಪಿಸ್ಟರು ಮೇಲಿದ್ದಾರೆ, ದೇರ್‌ಫೋರ್, ಮೆಟ್ಟಿಲು ಬಿದ್ದಿದೆ.

"ಸಾರ್, ತಿರುಗುಮುರುಗಾಯ್ತು!"

"ವ್ಯಾಕರಣ ತಪ್ಪಿದೆಯಾ?"

ಟೈಪಿಸ್ಟರು ಎರಡೆರಡು ಸಲ ಓದಿದರು. "ಇಲ್ಲ ಸಾರ್."

"ಮತ್ತೆ? ಟೈಪ್ ಮಾಡಿ."

ಕೇಂದ್ರ ಕಚೇರಿ ಪ್ರಶಂಸಾಪತ್ರ ಕಳಿಸಿತು. ಇಷ್ಟು ಸ್ಪಷ್ಟವಾದ ಕಾರಣ, ಇಷ್ಟು ಶಿಸ್ತಾದ ಪರಿಣಾಮ ಈಚಿನ ದಿನಗಳಲ್ಲಿ ಬಂದಿರಲಿಲ್ಲವಂತೆ. ಜೊತೆಗೊಂದು ಆದೇಶ: 'ಟೈಪಿಸ್ಟರು ಕೂಡಲೇ ಕೆಳಗೆ ಬಂದು, ತಾವು ಮೇಲೆ ಇದ್ದುದೇಕೆಂದು ಸಮಜಾಯಿಷಿ ನೀಡತಕ್ಕದ್ದು.' ಇಳಿಯಲು ಮೆಟ್ಟಿಲಿಲ್ಲ ಎಂದು ಟೈಪಿಸ್ಟರು ಉತ್ತರಿಸಿದರು. ಅದಕ್ಕೂ ಜವಾಬು ಬಂತು: 'ಮೆಟ್ಟಿಲಿಲ್ಲದಿರುವುದು ಪರಿಣಾಮವೆಂದು ಈಗಾಗಲೇ ದಾಖಲಾಗಿದೆ. ಒಮ್ಮೆ ಪರಿಣಾಮವಾದದ್ದು ಅದೇ ಕಡತದಲ್ಲಿ ಕಾರಣವಾಗುವಂತಿಲ್ಲ. ಕಾರಣವನ್ನು ತಕ್ಷಣ ತೆಗೆಯತಕ್ಕದ್ದು.'

ಟೈಪಿಸ್ಟರು ವರದಿಯ ನಕಲನ್ನು ಮತ್ತೆ ಮತ್ತೆ ಓದಿದರು. ವಾಕ್ಯ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದನ್ನು ನಂಬದೆ ಅವರಿಗೆ ವಿಧಿಯಿರಲಿಲ್ಲ. ಕೆಳಗೆ ಡಬ್ಬಿ ಹಿಡಿದು ನಿಂತಿದ್ದ ಹೆಂಡತಿಗೆ, "ನಾನು ಇಲ್ಲಿ ಕೂತಿದ್ದಕ್ಕೇ ಬಿತ್ತೇನೋ ಕಣೇ," ಎಂದರು.

"ಅಯ್ಯೋ ನಿಮ್ಮ! ಇರೋದು ಮೂರು ಹಿಡಿ ಮೂಳೆ. ನೀವು ಕೂತರೆ ನಮ್ಮನೆ ಮುರುಕು ಸ್ಟೂಲೇ ಕಿರ್ ಅನ್ನಲ್ಲ!"

"ಇಂಗ್ಲಿಷಲ್ಲಿ ಹಾಗಿದೆಯಲ್ಲೇ."

ಆಕೆ ಡಬ್ಬಿ ಕೆಳಗಿಟ್ಟು ಸೂಪರಿಂಟೆಂಡೆಂಟರ ಮುಂದೆ ಹೋಗಿ ನಿಂತರು. "ಕಾರಣ ತೆಗೀರಿ ಅಂತ ತಾನೇ ಬರೆದಿರೋದು? ನಾನೇ ತೆಗೀತೀನಿ." ಸೆರಗು ಸಿಕ್ಕಿಸಿ, ಬಣ್ಣದವರಿಂದ ಏಣಿ ಇಸಿದುಕೊಂಡು ಬಂದು, ಕಿಟಕಿಗೆ ಒರಗಿಸಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದರು. ಟೈಪಿಸ್ಟರು ಇಳಿದರು. ಆಕೆ ಅವರ ತೋಳು ಮುಟ್ಟಿ ನೋಡಿ, ಮೂಗೊರೆಸಿಕೊಂಡು, "ನಡೀರಿ ಮನೆಗೆ," ಎಂದರು. ಸೂಪರಿಂಟೆಂಡೆಂಟರು ಬೆನ್ನು ತಿರುಗಿಸಿ ನಿಂತಿದ್ದರಿಂದ ಏಣಿಯನ್ನು ಯಾರೂ ನೋಡಲಿಲ್ಲ.

ಕಾರಣವನ್ನು ತೆಗೆಯಲಾಗಿದೆ ಎಂದು ಮರುದಿನವೇ ವರದಿ ಹೋಯಿತು. ಅಂತಿಮ ಆದೇಶವೂ ಬಂತು: 'ಕಾರಣವಿಲ್ಲವಾದ್ದರಿಂದ ಪರಿಣಾಮವೂ ಇಲ್ಲ. ಮೆಟ್ಟಿಲುಗಳು ಸುಸ್ಥಿತಿಯಲ್ಲಿವೆ. ಕಡತ ಮುಕ್ತಾಯ.' ಟೈಪಿಸ್ಟರಿಗೆ ಎಚ್ಚರಿಕೆ ಕೊಡಲಾಯಿತು. ಷಡ್ಡಕರಿಗೆ ಮೆಟ್ಟಿಲುಗಳ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಕೊಡಲಾಯಿತು. ಬಣ್ಣದವರು ಏಣಿ ಹೊತ್ತುಕೊಂಡು ಬೇರೆ ಬೀದಿಗೆ ಹೋದರು.

ಈಗ ಕಚೇರಿ ಎಂದಿನಂತೆ ನಡೆಯುತ್ತಿದೆ. ಅರ್ಜಿ ಹಿಡಿದು ಬಂದವರಿಗೆ ಜವಾನರು ಬರಿಗೋಡೆ ತೋರಿಸಿ, "ಮೆಟ್ಟಿಲು ಹತ್ತಿ ಹೋಗಿ, ಎಡಗಡೆ ಎರಡನೇ ಕೋಣೆ," ಎನ್ನುತ್ತಾರೆ. ಜನ ಗೋಡೆಯವರೆಗೆ ಹೋಗಿ, ಒಂದಿಷ್ಟು ಹೊತ್ತು ತಲೆಯೆತ್ತಿ ನಿಂತು, ತಿರುಗಿ ಬರುತ್ತಾರೆ.

"ಕೆಲಸ ಆಯ್ತಾ?" ಎಂದು ಹೊರಗಿದ್ದವರು ಕೇಳುತ್ತಾರೆ.

"ಇಲ್ಲ ಕಣ್ರೀ, ಸಾಹೇಬರು ಸೀಟಲ್ಲಿರಲಿಲ್ಲ. ನಾಳೆ ಬರ್ಬೇಕು."